ಕತ್ತಲಾಗುವಾಗ ಕೂತ ಕಳ್ಳಿಪೀರಗಳ ಸಾಲು: ಒಂದೇ ಹಕ್ಕಿ ಯಾಕೆ ಶಾರ್ಪ್?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮನೆ ಹಿಂದೆ ಕಣದ ಅಂಚಿಗೆ ಒಂದು ಹೊಂಗೆ ಮರ ಇದೆ. ಚಳಿ ಶುರುವಾದ ಮೇಲೆ ದಿನಾ ಸಂಜೆ ಸಣ್ಣ ಕಳ್ಳಿಪೀರಗಳು (ಜೇನ್ನೊಣ ಹಿಡಿದು ತಿನ್ನುವ ಪುಟ್ಟ ಹಸಿರು ಹಕ್ಕಿ) ಬಂದು ಅದರ ಒಂದು ಕೊಂಬೆ ಮೇಲೆ ಒತ್ತೊತ್ತಾಗಿ ಕೂರುತ್ತವೆ. ಒಮ್ಮೊಮ್ಮೆ ಐದು, ಒಮ್ಮೊಮ್ಮೆ ಏಳು. ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸಾರ್) ಕ್ಯಾಮೆರಾ, 70-300 ಲೆನ್ಸ್ ಇದೆ. 300ಕ್ಕೆ ಎಳೆದರೆ ಎಫ್ 5.6 (ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸಿಗುತ್ತದೆ. ಸುಮಾರು ಆರು ಮೀಟರ್ ದೂರದಲ್ಲಿ ದನದ ಕೊಟ್ಟಿಗೆ ಮೂಲೆಯಲ್ಲಿ ನಿಂತು ತೆಗೆಯುತ್ತೇನೆ. ಒಂದು ಹಕ್ಕಿ ಚೆನ್ನಾಗಿ ಬಂದರೆ ಉಳಿದವು ಮಸುಕು. ಮರಳು ಎರಚಿದ ಹಾಗೆ ಫೋಟೋ ತುಂಬ ಕಾಳು. ಐಎಸ್‌ಒ (ಬಂದ ಬೆಳಕನ್ನು ಎತ್ತಿ ತೋರಿಸುವ ಸಂಖ್ಯೆ) 800 ದಾಟಲೇಬೇಡಿ ಅಂತ ಒಬ್ಬರು ಹೇಳಿದರು. ಎಫ್ 2.8 ಲೆನ್ಸ್ ಬೇಕು ಅಂತ ಇನ್ನೊಬ್ಬರು. ಫ್ಲಾಶ್ ಹಾಕಿ, ಇಲ್ಲ ಟಾರ್ಚ್ ಬಿಟ್ಟು ತೆಗೀರಿ ಅಂತ ಸ್ನೇಹಿತರು. ಲೆನ್ಸಿಗೆ ಸಾಲ ಮಾಡುವುದಕ್ಕೂ ತಯಾರಿದ್ದೇನೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಆ ಸಾಲದ ಯೋಚನೆ ಬಿಡಿ. ನಿಮ್ಮ ತೊಂದರೆ ಲೆನ್ಸಿನದಲ್ಲ. ಆ ಲೆನ್ಸ್ ತಂದರೆ ಒಂದು ತೊಂದರೆ ಇನ್ನೂ ಜಾಸ್ತಿ ಆಗುತ್ತದೆ.

ನೀವು ಕಳಿಸಿದ ಮೂರೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎಡಗಡೆಯಿಂದ ಮೂರನೆಯ ಹಕ್ಕಿಯ ಕಣ್ಣು ಸ್ಪಷ್ಟವಾಗಿದೆ. ಅದರ ಎರಡೂ ಪಕ್ಕದವು ಪರವಾಗಿಲ್ಲ ಅನ್ನುವ ಹಾಗಿವೆ. ಆಮೇಲಿನವು ಕರಗಿ ಹೋಗಿವೆ. ಫೈಲ್ ವಿವರ ನೋಡಿದರೆ ಮೊದಲನೆಯದು 6 ಗಂಟೆ 5 ನಿಮಿಷಕ್ಕೆ, ಕೊನೆಯದು 6 ಗಂಟೆ 12 ನಿಮಿಷಕ್ಕೆ ತೆಗೆದಿದ್ದೀರಿ. ಎರಡರಲ್ಲೂ ಐಎಸ್‌ಒ 800, ಶಟರ್ ತೆರೆದಿದ್ದದ್ದು ಸೆಕೆಂಡಿನ 30ನೇ ಒಂದು ಭಾಗ. ಆ ಏಳು ನಿಮಿಷದಲ್ಲಿ ಬೆಳಕು ಎಷ್ಟೋ ಇಳಿದಿದೆ, ಆದರೆ ನೀವು ಏನನ್ನೂ ಬದಲಿಸಿಲ್ಲ. ಕಪ್ಪಾಗಿ ಬಂದದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದ್ದೀರಿ, ಅಲ್ವಾ? ಆ ಕಾಳು ಬಂದದ್ದು ಅಲ್ಲಿಂದ.

ಇಲ್ಲಿ ಎರಡು ತೊಂದರೆ ಒಂದಕ್ಕೊಂದು ಹೆಣೆದುಕೊಂಡಿವೆ. ಫೋಕಸ್ ಸಿಗುವ ಆಳ ಕಡಿಮೆ ಇರುವುದು ಒಂದು. ಬೆಳಕು ಕಡಿಮೆ ಇರುವುದು ಇನ್ನೊಂದು. ಒಂಟಿ ಹಕ್ಕಿ ಆಗಿದ್ದರೆ ಅಪರ್ಚರ್, ಅಂದರೆ ಆ ಬೆಳಕಿನ ಕಿಂಡಿ, ಪೂರ್ತಿ ತೆರೆದು ಬೆಳಕು ತುಂಬಿಕೊಂಡರೆ ಕೆಲಸ ಮುಗಿಯುತ್ತಿತ್ತು. ಏಳು ಹಕ್ಕಿ ಕೂತಾಗ ಹಾಗಾಗುವುದಿಲ್ಲ. ಅಪರ್ಚರ್ ತೆರೆದರೆ ಆಳ ಹೋಗುತ್ತದೆ, ಮುಚ್ಚಿದರೆ ಬೆಳಕು ಹೋಗುತ್ತದೆ.

ಆಳದ ಲೆಕ್ಕ ಒಮ್ಮೆ ನೋಡೋಣ. ನಿಮ್ಮ ಕ್ಯಾಮೆರಾದಲ್ಲಿ 300 ಎಂಎಂ, ಎಫ್ 5.6, ಆರು ಮೀಟರ್ ದೂರ ಅಂದರೆ ಶಾರ್ಪ್ ಆಗಿ ಕಾಣುವ ಪಟ್ಟಿಯ ದಪ್ಪ ಸುಮಾರು ಎಂಟೂವರೆ ಸೆಂಟಿಮೀಟರ್ ಅಷ್ಟೇ. ಏಳು ಕಳ್ಳಿಪೀರ ಒತ್ತಿ ಕೂತರೆ ಸಾಲು ಸುಮಾರು 40 ಸೆಂಟಿಮೀಟರ್ ಆಗುತ್ತದೆ ಅಂತ ಇಟ್ಟುಕೊಳ್ಳಿ. ನೀವು ಕೊಟ್ಟಿಗೆ ಮೂಲೆಯಿಂದ ಓರೆಯಾಗಿ ನೋಡುತ್ತಿದ್ದೀರಿ. 45 ಡಿಗ್ರಿ ಓರೆ ಇದ್ದರೆ ಮೊದಲ ಹಕ್ಕಿಗೂ ಕೊನೆಯ ಹಕ್ಕಿಗೂ ನಿಮ್ಮಿಂದ ಇರುವ ದೂರದಲ್ಲಿ 28 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಎಂಟೂವರೆ ಸೆಂಟಿಮೀಟರ್ ಪಟ್ಟಿಯಲ್ಲಿ 28 ಸೆಂಟಿಮೀಟರ್ ಹಿಡಿಸುವುದು ಹೇಗೆ?

ಈಗ ಎಫ್ 2.8 ಲೆನ್ಸ್ ತಂದಿರಿ ಅನ್ನಿ. ಬೆಳಕು ನಾಲ್ಕು ಪಟ್ಟು ಸಿಗುತ್ತದೆ, ನಿಜ. ಆದರೆ ಅದೇ ದೂರದಲ್ಲಿ ಆ ಪಟ್ಟಿ ನಾಲ್ಕು ಸೆಂಟಿಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಕೊಕ್ಕಿನ ತುದಿಗೆ ಫೋಕಸ್ ಕೂತರೆ ಅದೇ ಹಕ್ಕಿಯ ಬೆನ್ನು ಮಸುಕಾಗುತ್ತದೆ. ಪಕ್ಕದ ಹಕ್ಕಿಯ ಮಾತು ದೂರವೇ ಉಳಿಯಿತು. ಲಕ್ಷಗಟ್ಟಲೆ ಸುರಿದು ತೊಂದರೆಯನ್ನೇ ದೊಡ್ಡದು ಮಾಡಿಕೊಂಡ ಹಾಗೆ. ಒಂಟಿ ಗೂಬೆಗೆ, ಕಾಡಿನ ನೆರಳಲ್ಲಿ ಕೂತ ಒಂದು ಹಕ್ಕಿಗೆ ಆ ಲೆನ್ಸ್ ವರ. ಸಾಲು ಕೂತ ಹಕ್ಕಿಗೆ ಅಲ್ಲ.

ಇದಕ್ಕೆ ಒಂದು ಪೈಸೆ ಖರ್ಚಿಲ್ಲದ ಔಷಧಿ ಇದೆ. ಕೊಂಬೆಗೆ ನೇರ ಎದುರಾಗಿ ನಿಲ್ಲಿ. ಓರೆ 45ರಿಂದ 20 ಡಿಗ್ರಿಗೆ ಇಳಿದರೂ ಸಾಕು, 28 ಸೆಂಟಿಮೀಟರ್ ಇದ್ದದ್ದು 14ಕ್ಕೆ ಬರುತ್ತದೆ. ಹಕ್ಕಿ ಬಂದ ಮೇಲೆ ಜಾಗ ಹುಡುಕಬೇಡಿ. ಮಧ್ಯಾಹ್ನ ಮರ ಖಾಲಿ ಇರುವಾಗ ಹೋಗಿ ಕೊಂಬೆ ನೋಡಿ. ಹೊಂಗೆ ಕೊಂಬೆ ನೆಟ್ಟಗೆ ಇರುವುದಿಲ್ಲ. ಎಲ್ಲೋ ಒಂದು ಕಡೆ ಬಾಗಿರುತ್ತದೆ. ಅವು ದಿನಾ ಕೂರುವ ತುಂಡು ಯಾವುದು ಅಂತ ಕೆಳಗೆ ನೆಲದ ಮೇಲೆ ಬಿದ್ದ ಬಿಳಿ ಹಿಕ್ಕೆಯೇ ಹೇಳುತ್ತದೆ. ಆ ತುಂಡಿಗೆ ಎದುರಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ಒಂದು ಕಲ್ಲು ಇಟ್ಟು ಬನ್ನಿ.

ಆಮೇಲೆ ಸ್ವಲ್ಪ ಹಿಂದೆ ಸರಿಯಿರಿ. ಆರು ಮೀಟರ್‌ನಲ್ಲಿ ನಿಮ್ಮ ಫ್ರೇಮಿನ ಅಗಲ ಸುಮಾರು 45 ಸೆಂಟಿಮೀಟರ್. ಅಂದರೆ ಏಳು ಹಕ್ಕಿ ಫ್ರೇಮ್ ತುಂಬುವ ತನಕ ಹತ್ತಿರ ಹೋಗಿದ್ದೀರಿ. ಆ ಆಸೆ ಎಲ್ಲರಿಗೂ ಇರುತ್ತದೆ. ಹತ್ತು ಮೀಟರ್‌ಗೆ ಹೋಗಿ ತೆಗೆದು, ಆಮೇಲೆ ಅಷ್ಟೇ ಅಗಲಕ್ಕೆ ಕತ್ತರಿಸಿದರೆ ಎಂಟು ಮೆಗಾಪಿಕ್ಸೆಲ್ ಉಳಿಯುತ್ತದೆ. ಗೋಡೆಗೆ ಹಾಕುವ ಹನ್ನೆರಡು ಇಂಚಿನ ಪ್ರಿಂಟಿಗೆ ಧಾರಾಳ ಸಾಕು. ಕತ್ತರಿಸಿದ ಮೇಲೂ ಶಾರ್ಪ್ ಪಟ್ಟಿ ಎಂಟೂವರೆಯಿಂದ ಸುಮಾರು 14 ಸೆಂಟಿಮೀಟರ್‌ಗೆ ಏರಿರುತ್ತದೆ. ಇದೂ ಪುಕ್ಕಟೆ ಅಲ್ಲ, ಕತ್ತರಿಸಿದಷ್ಟೂ ಕಾಳು ಎದ್ದು ಕಾಣುತ್ತದೆ. ಆದರೆ ಹಕ್ಕಿಗೆ ನಾಲ್ಕು ಮೀಟರ್ ನೆಮ್ಮದಿ ಸಿಗುತ್ತದೆ. ನನಗೆ ಆ ವ್ಯಾಪಾರ ಯಾವತ್ತೂ ಒಪ್ಪಿಗೆ.

ಫೋಕಸ್ ಯಾವ ಹಕ್ಕಿಗೆ? ಪಟ್ಟಿಯ ಮೂರನೇ ಒಂದು ಭಾಗ ಮುಂದೆ, ಉಳಿದದ್ದು ಹಿಂದೆ ಇರುತ್ತದೆ ಅಂತ ಒಂದು ಮಾತು ಓಡಾಡುತ್ತಿದೆ. ಅಗಲ ದೃಶ್ಯಗಳಲ್ಲಿ ಅದು ಹತ್ತಿರ ಹತ್ತಿರ ನಿಜ ಆಗಬಹುದು. ಟೆಲಿ ಲೆನ್ಸಿನಲ್ಲಿ ಹತ್ತು ಮೀಟರ್‌ಗೆ ಅದು ಸುಳ್ಳು. ಮುಂದೆ ಹಿಂದೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಇರುತ್ತದೆ. ಹಾಗಾಗಿ ನಡುವಿನ ಹಕ್ಕಿಗೆ ಫೋಕಸ್ ಇಡಿ. ಎಲ್ಲವೂ ಹಿಡಿಸುವುದಿಲ್ಲ ಅನ್ನಿಸಿದರೆ ಮಾತ್ರ ನಿಮಗೆ ಹತ್ತಿರದ ಹಕ್ಕಿಗೆ ಇಡಿ. ಹಿಂದಿನವು ಮಸುಕಾದರೆ ನೋಡುವವರು ಒಪ್ಪಿಕೊಳ್ಳುತ್ತಾರೆ. ಮುಂದಿನದೇ ಮಸುಕಾದರೆ ಒಪ್ಪುವುದಿಲ್ಲ.

ಕಳ್ಳಿಪೀರದ ಕಣ್ಣು ಕೆಂಪು. ಆದರೆ ಅದು ಕೊಕ್ಕಿನಿಂದ ಕಿವಿ ತನಕ ಎಳೆದ ಕಪ್ಪು ಗೆರೆಯ ನಡುವೆ ಕೂತಿದೆ. ಬೆಳಕು ಕಡಿಮೆ ಆದಾಗ ಕಣ್ಣು ಆ ಗೆರೆಯೊಳಗೆ ಮುಳುಗಿಬಿಡುತ್ತದೆ. ಕ್ಯಾಮೆರಾದ ಆಟೋ ಫೋಕಸ್ ಕಣ್ಣು ಹುಡುಕುತ್ತಾ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಕಣ್ಣು ಬಿಟ್ಟು, ಆ ಕಪ್ಪು ಗೆರೆಯ ಕೆಳ ಅಂಚು ಗಂಟಲಿನ ತಿಳಿ ನೀಲಿಗೆ ತಾಗುವ ಜಾಗಕ್ಕೆ ನಡುವಿನ ಒಂದೇ ಪಾಯಿಂಟ್ ಇಡಿ. ಕಪ್ಪು-ತಿಳಿ ಗಡಿ ಸಿಕ್ಕ ತಕ್ಷಣ ಫೋಕಸ್ ಕೂರುತ್ತದೆ.

ಇನ್ನು ಬೆಳಕು. ನಮ್ಮ ಕಣ್ಣು ಇಲ್ಲಿ ನಮಗೆ ಮೋಸ ಮಾಡುತ್ತದೆ. ಅದು ಸುಮ್ನೆ ಹೊಂದಿಕೊಳ್ಳುತ್ತಾ ಹೋಗುತ್ತದೆ, ಇನ್ನೂ ಬೆಳಕಿದೆ ಅನ್ನಿಸುತ್ತದೆ. ತಿಳಿ ಆಕಾಶದಲ್ಲಿ ಸೂರ್ಯ ಮುಳುಗುವಾಗ ನೆಲದ ಮೇಲೆ ಸುಮಾರು 400 ಲಕ್ಸ್ ಬೆಳಕು ಇರುತ್ತದೆ. ಸಂಜೆಬೆಳಕು ಮುಗಿಯುವ ಹೊತ್ತಿಗೆ ಮೂರು ಮೂರೂವರೆ ಲಕ್ಸ್ ಉಳಿಯುತ್ತದೆ. ನಮ್ಮ ಕಡೆ ಇದೆಲ್ಲ ನಡೆಯುವುದು 22-23 ನಿಮಿಷದಲ್ಲಿ. ಸರಾಸರಿ ತೆಗೆದರೆ ಮೂರು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಮೊದಮೊದಲು ಸ್ವಲ್ಪ ನಿಧಾನ, ಕೊನೆಗೆ ದಡದಡ. ಇಂಗ್ಲೆಂಡಿನವರು ಮಾಡಿದ ವಿಡಿಯೋ ನೋಡಿ ಕಲಿಯುವವರು ಇದನ್ನು ನೆನಪಿಡಬೇಕು. ಬೇಸಿಗೆಯಲ್ಲಿ ಅವರಿಗೆ ಲಂಡನ್ನಿನಲ್ಲೇ ಮುಕ್ಕಾಲು ಗಂಟೆ ಸಂಜೆಬೆಳಕು ಸಿಗುತ್ತದೆ. ನಮಗೆ ಅದರ ಅರ್ಧ.

ಕ್ಯಾಮೆರಾ ಭಾಷೆಯಲ್ಲಿ ಹೇಳುವುದಾದರೆ, ಎಫ್ 5.6, ಐಎಸ್‌ಒ 3200 ಇಟ್ಟರೆ ಸೂರ್ಯ ಮುಳುಗುವಾಗ ಬಯಲಿನಲ್ಲಿ ಶಟರ್ ಸುಮಾರು 1/160 ಸಿಗುತ್ತದೆ. ಮರದ ಕೆಳಗೆ 1/80. ಹತ್ತು ನಿಮಿಷ ಕಳೆದರೆ ಅದೇ ಮರದ ಕೆಳಗೆ 1/15. ನೀವು ಹೆಚ್ಚುಕಡಿಮೆ ಅದೇ ಹೊತ್ತಿಗೆ, 6 ಗಂಟೆ 12 ನಿಮಿಷಕ್ಕೆ, ಐಎಸ್‌ಒ 800ರಲ್ಲಿ 1/30 ಇಟ್ಟಿದ್ದಿರಿ. ಐಎಸ್‌ಒ 800ಕ್ಕೆ ಸುಮಾರು 1/4 ಬೇಕಿತ್ತು. ಬೇಕಾದ ಬೆಳಕಿನ ಎಂಟನೇ ಒಂದು ಭಾಗ ಮಾತ್ರ ಸಿಕ್ಕಿದೆ.

ಐಎಸ್‌ಒ ಏರಿಸಿದರೆ ಕಾಳು ಬರುತ್ತದೆ ಅನ್ನುವುದು ಅರ್ಧ ಸತ್ಯ. ಕಾಳು ಮುಖ್ಯವಾಗಿ ಬರುವುದು ಸೆನ್ಸಾರಿಗೆ ಬಿದ್ದ ಬೆಳಕು ಕಡಿಮೆ ಆದಾಗ. ಐಎಸ್‌ಒ ಅನ್ನುವುದು ಬಂದಷ್ಟು ಬೆಳಕನ್ನು ಎಷ್ಟು ಎತ್ತಿ ತೋರಿಸಬೇಕು ಅನ್ನುವ ಗುಂಡಿ ಅಷ್ಟೇ. ಒಂದೇ ಶಟರ್, ಒಂದೇ ಅಪರ್ಚರ್ ಇಟ್ಟು ಐಎಸ್‌ಒ 800ರಲ್ಲಿ ಒಂದು, 3200ರಲ್ಲಿ ಒಂದು ತೆಗೆಯಿರಿ. ಮೊದಲನೆಯದನ್ನು ಕಂಪ್ಯೂಟರಿನಲ್ಲಿ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಎತ್ತಿ ಪಕ್ಕಪಕ್ಕ ಇಟ್ಟು ನೋಡಿ. 800ರದ್ದು ಅಷ್ಟೇ ಕಾಳಾಗಿರುತ್ತದೆ, ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿ. ನೆರಳಿನ ಜಾಗ ಕೊಳಕಾಗುತ್ತದೆ, ಹಸಿರು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಧೈರ್ಯವಾಗಿ 3200ಕ್ಕೆ ಹೋಗಿ, ಬೇಕಾದರೆ 6400. ಹಕ್ಕಿಯ ಮೈ ಕಪ್ಪಾಗದ ಹಾಗೆ ನೋಡಿಕೊಳ್ಳಿ. ಹಿಂದೆ ಬೆಳ್ಳಗೆ ಆಕಾಶ ಇದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವ +/- ಗುಂಡಿ) ಒಂದು, ಒಂದೂವರೆ ಏರಿಸಿ.

ಈಗ ಕಂಪ್ಯೂಟರೇ ಕಾಳು ತೆಗೆಯುವ ಸಾಫ್ಟ್‌ವೇರ್ ಬಂದಿದೆ. ನಾನೂ ಬಳಸುತ್ತೇನೆ, ಹದವಾಗಿ. ಜಾಸ್ತಿ ಎಳೆದರೆ ಅದು ಇಲ್ಲದ ಗರಿಗಳನ್ನು ಬಿಡಿಸಿಬಿಡುತ್ತದೆ. ನೋಡಲು ಚೆಂದ, ಆದರೆ ಅದು ನಿಮ್ಮ ಹೊಂಗೆ ಮರದ ಹಕ್ಕಿ ಅಲ್ಲ.

ಶಟರ್ ಬಗ್ಗೆ ಜನ ಅನಾವಶ್ಯಕ ಹೆದರುತ್ತಾರೆ. ಹಾರುವ ಹಕ್ಕಿಗೆ 1/2000 ಬೇಕು, ಸರಿ. ಮಲಗಲು ಬಂದು ಗರಿ ಉಬ್ಬಿಸಿ ಕೂತ ಹಕ್ಕಿಗೆ 1/30 ಸಾಕು, 1/15ರಲ್ಲೂ ತೆಗೆದಿದ್ದೇನೆ. ಅಲುಗುವುದು ಹಕ್ಕಿಗಿಂತ ನಮ್ಮ ಕೈ. ಲೆನ್ಸಿನ ಸ್ಟೆಬಿಲೈಸೇಷನ್ ಸಹಾಯ ಮಾಡುತ್ತದೆ, ಆದರೂ ಆಸರೆ ಬೇಕೇ ಬೇಕು. ಟ್ರೈಪಾಡ್ ಇಲ್ಲದಿದ್ದರೆ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ಕೆಜಿ ರಾಗಿ ತುಂಬಿ ಎರಡೂ ತುದಿ ಹೊಲಿಯಿರಿ. ಕೊಟ್ಟಿಗೆ ಗೋಡೆ ಮೇಲೆ ಅದನ್ನಿಟ್ಟು ಲೆನ್ಸ್ ಒತ್ತಿ ಕೂರಿಸಿದರೆ ಕದಲುವುದಿಲ್ಲ. ನನ್ನದು ಇಂಥದ್ದೇ, ಹನ್ನೆರಡು ವರ್ಷದಿಂದ ಇದೆ. ಮಳೆಗಾಲ ಕಳೆದ ಮೇಲೆ ಬಿಚ್ಚಿ ರಾಗಿ ಬದಲಿಸುತ್ತೇನೆ.

ಆದರೆ ಏಳು ಹಕ್ಕಿ ಅಂದರೆ ಏಳು ತಲೆ. ಒಂದು ಇತ್ತ ತಿರುಗುತ್ತದೆ, ಒಂದು ಗರಿ ಕೊಡವುತ್ತದೆ. ಹತ್ತು ಫೋಟೋದಲ್ಲಿ ಎಂಟರಲ್ಲಿ ಒಂದೊಂದು ಹಕ್ಕಿಯೂ ಸುಮ್ಮನಿರುತ್ತದೆ ಅಂತ ಇಟ್ಟುಕೊಂಡರೂ, ಏಳೂ ಒಟ್ಟಿಗೆ ಸುಮ್ಮನಿರುವುದು ಐದರಲ್ಲಿ ಒಂದು ಫೋಟೋದಲ್ಲಿ ಮಾತ್ರ. ಹಾಗಾಗಿ ಎರಡು ಮೂರು ತೆಗೆದು ಎದ್ದುಬಿಡಬೇಡಿ. ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಇದ್ದರೆ ಅದನ್ನು ಹಾಕಿ, ನಾಲ್ಕು ನಾಲ್ಕು ಫೋಟೋದ ಬರ್ಸ್ಟ್ ತೆಗೆಯುತ್ತಾ ಹೋಗಿ. ಬೇರೆ ಬೇರೆ ಹಕ್ಕಿಗೆ ಫೋಕಸ್ ಇಟ್ಟು ಆಮೇಲೆ ಜೋಡಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಜೋಡಿಸಿದ್ದು ಅಂತ ಹೇಳಿಬಿಡಿ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ.

ಫ್ಲಾಶ್ ಮತ್ತು ಟಾರ್ಚಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಫ್ಲಾಶ್ ಹೊಡೆದರೆ ಹಕ್ಕಿ ಶಾಶ್ವತವಾಗಿ ಕುರುಡಾಗುತ್ತದೆ ಅನ್ನುತ್ತಾರೆ. ಹಾಗೆ ಹೇಳಲು ಆಧಾರ ಇಲ್ಲ. ಆದರೆ ಅದರಿಂದ ಫ್ಲಾಶ್ ಸರಿ ಅಂತ ಆಗುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ಕಳ್ಳಿಪೀರ ಹಗಲಿನ ಹಕ್ಕಿ, ಕತ್ತಲಲ್ಲಿ ಅದಕ್ಕೆ ದಾರಿ ಕಾಣುವುದಿಲ್ಲ. ಮಲಗುವ ಮರಕ್ಕೆ ಬಂದ ಮೇಲೆ ಅವು ಒಂದೆರಡು ಸಲ ಗದ್ದಲ ಮಾಡುತ್ತಾ ಗುಂಪಾಗಿ ಸಿಡಿದು ಹಾರಿ ಮತ್ತೆ ಬಂದು ಕೂರುತ್ತವೆ, ನೀವೂ ನೋಡಿರುತ್ತೀರಿ. ಅದು ಅವುಗಳ ಲೆಕ್ಕ. ಆದರೆ ಕೊನೆಯ ಸಲ ಕೂತಾದ ಮೇಲೆ ನಾವು ಎಬ್ಬಿಸಿದರೆ ಮತ್ತೆ ಜಾಗ ಹುಡುಕಲು ಅವಕ್ಕೆ ಬೆಳಕೇ ಉಳಿದಿರುವುದಿಲ್ಲ. ತಂತಿಗೋ ಗೋಡೆಗೋ ಬಡಿಯಬಹುದು, ಇಲ್ಲ ಬೆಕ್ಕು ಎಟಕುವಷ್ಟು ಕೆಳಗೆ ಕೂತು ರಾತ್ರಿ ಕಳೆಯಬಹುದು. ಅವು ಒತ್ತಿ ಕೂರುವುದೇ ಮೈ ಬಿಸಿ ಉಳಿಸಿಕೊಳ್ಳಲು. ಎರಡೂ ಪಕ್ಕದಲ್ಲಿ ಒಂದೊಂದು ಹಕ್ಕಿ ಇದ್ದರೆ ಚಳಿಗೆ ತೆರೆದ ಮೈ ಕಡಿಮೆ. ಸಾಲು ಒಡೆದರೆ ಆ ರಾತ್ರಿಯ ಚಳಿ ಒಂದೊಂದಕ್ಕೂ ಒಂಟಿಯಾಗಿಯೇ.

ಇದನ್ನು ನಾನು ಮಾಡಿ ಕಲಿತದ್ದು. ತುಂಬಾ ವರ್ಷಗಳ ಹಿಂದೆ ಮಂಡ್ಯದ ಕಡೆ ಒಂದು ಕೆರೆ ಏರಿ ಪಕ್ಕದ ಜಾಲಿ ಮರದಲ್ಲಿ ಒಂಬತ್ತು ಕಳ್ಳಿಪೀರ ಕೂತಿದ್ದವು. ಫ್ಲಾಶ್ ಹೊಡೆದೆ. ಒಂಬತ್ತೂ ಒಂದೇ ಸಲ ಎದ್ದವು. ನಾಲ್ಕು ಮಾತ್ರ ವಾಪಸ್ ಬಂದವು. ಕತ್ತಲಲ್ಲಿ ಕೂತು ಉಳಿದವಕ್ಕೆ ಕಾದೆ, ಬರಲಿಲ್ಲ. ಮರುದಿನ ಸಂಜೆ ಆ ಕೊಂಬೆ ಖಾಲಿ. ಫೋಟೋ ಚೆನ್ನಾಗಿಯೇ ಬಂದಿತ್ತು. ಅದನ್ನು ಯಾರಿಗೂ ತೋರಿಸಿಲ್ಲ. ಅವತ್ತಿನಿಂದ ಮಲಗಿದ ಹಕ್ಕಿಗೆ ಫ್ಲಾಶ್ ಹಾಕಿಲ್ಲ. ಟಾರ್ಚ್ ಅಂತೂ ಬೇಡವೇ ಬೇಡ. ಅದು ಹಕ್ಕಿ ಎಲ್ಲಿದೆ ಅಂತ ಬೆಕ್ಕಿಗೂ ಗೂಬೆಗೂ ಬೊಟ್ಟು ಮಾಡಿ ತೋರಿಸಿದ ಹಾಗೆ.

ಹಕ್ಕಿ ಆರಾಮಾಗಿದೆಯೋ ಇಲ್ಲವೋ ಅಂತ ಅದರ ಮೈಯೇ ಹೇಳುತ್ತದೆ. ಗರಿ ಉಬ್ಬಿ ಉಂಡೆಯಾಗಿದ್ದರೆ, ಕೊಕ್ಕು ಬೆನ್ನೊಳಗೆ ಹುದುಗಿದ್ದರೆ ನಿಮ್ಮನ್ನು ಅದು ಒಪ್ಪಿಕೊಂಡಿದೆ. ಗರಿ ಮೈಗೆ ಅಂಟಿ, ಕತ್ತು ಉದ್ದವಾಗಿ, ತಲೆ ನಿಮ್ಮ ಕಡೆ ತಿರುಗಿದರೆ ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಬೇಡ.

ನಿಮ್ಮ ಮರದಲ್ಲಿ ಕಳ್ಳಿಪೀರದ ಬದಲು ಹಾಲಕ್ಕಿ ಅನ್ನುವ ಸಣ್ಣ ಗೂಬೆಯ ಜೋಡಿ ಇದ್ದಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದೆ. ಮಾಟ-ಮಂತ್ರದ ಹೆಸರಲ್ಲಿ, ಅದರಲ್ಲೂ ದೀಪಾವಳಿ ಹೊತ್ತಿಗೆ, ಗೂಬೆಗಳನ್ನು ಹಿಡಿಯುವವರು ಇದ್ದಾರೆ. ಗೂಬೆಯ ಫೋಟೋ ಹಾಕುವಾಗ ಊರಿನ ಹೆಸರು ಬೇಡ, ಫೋನಿನ ಲೊಕೇಶನ್ ಆಫ್ ಮಾಡಿ. ಮುಂದೆ ರಂಗನತಿಟ್ಟಿನಂಥ ಅಭಯಾರಣ್ಯಕ್ಕೆ ಹೋದರೆ ಕ್ಯಾಮೆರಾ ತೆಗೆಯುವ ಮೊದಲು ಗೇಟಿನಲ್ಲೇ ವಿಚಾರಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಫೋಟೋಗ್ರಫಿಗೆ ಅನುಮತಿ ಬೇಕು.

ಹಾಗಾದರೆ ಸಂಜೆ ಏನು ಮಾಡುವುದು? ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗಲೇ ಕಲ್ಲಿಟ್ಟ ಜಾಗದಲ್ಲಿ ಕೂತುಬಿಡಿ. ಅವು ಬಂದ ಮೇಲೆ ನೀವು ಬರುವುದಲ್ಲ, ನೀವು ಇದ್ದಲ್ಲಿಗೆ ಅವು ಬರಬೇಕು. ಮುಳುಗಿದ ಮೇಲೆ ಐದಾರು ನಿಮಿಷದ ತನಕ ಬಣ್ಣದ ಫೋಟೋಕ್ಕೆ ಪ್ರಯತ್ನಿಸಿ. ಆಮೇಲೆ ಬಣ್ಣದ ಆಸೆ ಬಿಟ್ಟು, ಪಡುವಣದ ಕೆಂಪಿಗೆ ಅಡ್ಡಲಾಗಿ ಸಾಲನ್ನು ಬರೀ ಕಪ್ಪು ನೆರಳಾಗಿ ತೆಗೆಯಿರಿ. ಆಗ ಆಕಾಶಕ್ಕೆ ಎಕ್ಸ್‌ಪೋಷರ್ ಇಡಬೇಕು, ಐಎಸ್‌ಒ 400-800 ಸಾಕು. ಬಾಲದ ನಡುವಿನ ಆ ಎರಡು ತಂತಿಯಂಥ ಗರಿಗಳು ಏಳು ಹಕ್ಕಿಯಲ್ಲೂ ಕೆಳಗೆ ಇಳಿಬಿದ್ದಿರುತ್ತವೆ. ಇಡೀ ಸಾಲನ್ನು ಗುರುತಿಸಲು ಅಷ್ಟೇ ಸಾಕು. ಫೋಟೋ ತೆಗೆದಾದ ಮೇಲೂ ತಕ್ಷಣ ಏಳಬೇಡಿ, ಪೂರ್ತಿ ಕತ್ತಲಾಗಲಿ.

ಆದರೆ ನೀವು ನನ್ನ ಪಕ್ಕದ ಮನೆಯವರಾಗಿದ್ದರೆ ನಾನು ಹೇಳುತ್ತಿದ್ದುದು ಒಂದೇ. ಸಂಜೆ ಬಿಡಿ, ಬೆಳಗ್ಗೆ ಬನ್ನಿ.

ಈ ಹಕ್ಕಿಗಳು ಬೆಳಗ್ಗೆ ಸೋಮಾರಿಗಳು. ಚಳಿಗಾಲದಲ್ಲಿ ಬಿಸಿಲು ಬಂದು ಎಷ್ಟೋ ಹೊತ್ತಾದರೂ ಒಂದಕ್ಕೊಂದು ಒತ್ತಿಕೊಂಡು, ಕೊಕ್ಕು ಬೆನ್ನಿಗೆ ಸಿಕ್ಕಿಸಿಕೊಂಡು ಕೂತಿರುತ್ತವೆ. ಜೇನ್ನೊಣ, ಕೊಡತಿ ಹಾರಲು ಶುರುವಾಗದೆ ಅವಕ್ಕೂ ಕೆಲಸ ಇಲ್ಲ. ಅದೇ ಕೊಂಬೆಯಲ್ಲಿ ಇರಬಹುದು, ಇಲ್ಲ ಎದುರಿನ ಕರೆಂಟ್ ತಂತಿ ಮೇಲೆ. ತಂತಿ ಆದರೆ ಇನ್ನೂ ಒಳ್ಳೆಯದು, ಅದು ಬಾಗಿರುವುದಿಲ್ಲ. ಸಂಜೆ ಬೆಳಕು ನಿಮ್ಮಿಂದ ಓಡುತ್ತದೆ, ಬೆಳಗ್ಗೆ ನಿಮ್ಮ ಕಡೆ ಬರುತ್ತದೆ. ಸೂರ್ಯ ಹುಟ್ಟಿ ಹತ್ತು-ಹದಿನೈದು ನಿಮಿಷಕ್ಕೆ ಬೆಳಕು ನಾಲ್ಕು ಪಟ್ಟಾಗಿರುತ್ತದೆ. ಆಗ ಎಫ್ 8 ಇಟ್ಟು, ಐಎಸ್‌ಒ 1600ಕ್ಕೆ ಇಳಿಸಿದರೂ 1/160 ಸಿಗುತ್ತದೆ. ಹತ್ತು ಮೀಟರ್‌ನಲ್ಲಿ ಶಾರ್ಪ್ ಪಟ್ಟಿ 20 ಸೆಂಟಿಮೀಟರ್ ಆಗುತ್ತದೆ. ನಿಮ್ಮಿಂದ ಏನೋ ತಪ್ಪಾಗಿ ಹಕ್ಕಿ ಎದ್ದರೂ ಅವಕ್ಕೆ ಮುಂದೆ ಇಡೀ ಹಗಲು ಇದೆ.

ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಹುಟ್ಟುವುದು ಏಳು ಗಂಟೆಗೆ ಹತ್ತು ನಿಮಿಷ ಇರುವಾಗ. ಆರೂ ಕಾಲಿಗೆ, ಕತ್ತಲಿರುವಾಗಲೇ ಕಲ್ಲಿಟ್ಟ ಜಾಗಕ್ಕೆ ಬಂದು ಕೂರಿ. ಮರ ನಿಮಗೆ ಪಶ್ಚಿಮಕ್ಕೆ, ಸೂರ್ಯ ನಿಮ್ಮ ಬೆನ್ನಿಗೆ ಇರಲಿ. ರಾಗಿ ಚೀಲ ಮರೆಯಬೇಡಿ. ಮೊದಲ ಬಿಸಿಲು ಸಾಲಿನ ಒಂದು ತುದಿಗೆ ಬಿದ್ದಾಗ ಆ ಹಕ್ಕಿ ತಲೆ ಎತ್ತುತ್ತದೆ, ಗಂಟಲಿನ ನೀಲಿ ಹೊಳೆಯುತ್ತದೆ, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಎಲ್ಲವೂ ಎದ್ದು ಇನ್ನೂ ಯಾವುದೂ ಹಾರದ ಒಂದೆರಡು ನಿಮಿಷ ಇರುತ್ತದೆ. ನಿಮ್ಮ ಫೋಟೋ ಅಲ್ಲಿದೆ. ಫೆಬ್ರವರಿ ಕಳೆದರೆ ಚಳಿ ಇಳಿಯುತ್ತದೆ. ಮಾರ್ಚ್ ಹೊತ್ತಿಗೆ ಅವು ಜೋಡಿ ಜೋಡಿಯಾಗಿ ಮಣ್ಣಿನ ದಡಗಳಲ್ಲಿ ಬಿಲ ತೋಡಲು ಶುರು ಮಾಡುತ್ತವೆ. ಈ ವಾರವೇ ಅಲಾರಂ ಇಡಿ.